"ಏನೂ ತಿನ್ನಲ್ಲ" ಎನ್ನುವ ಮಗು: ಹಾಲಿನ ಬಾಟಲಿಯಿಂದ ಕೆರೆ-ದಡದವರೆಗೆ ಹನ್ನೆರಡು ವಾರ

ಮಗುವಿಗೆ ಮೂರು ವರ್ಷ ಎರಡು ತಿಂಗಳು. ಗಂಡು. ತೂಕ 12.4 ಕೆ.ಜಿ., ಎತ್ತರ 93 ಸೆಂ.ಮೀ. ತುಮಕೂರಿನಂಥ ಊರು, ಎರಡನೇ ಮಹಡಿಯ ಬಾಡಿಗೆ ಮನೆ. ಅಪ್ಪ ಅಮ್ಮ ಇಬ್ಬರೂ ಒಂಬತ್ತಕ್ಕೆ ಕೆಲಸಕ್ಕೆ ಹೊರಡುತ್ತಾರೆ, ಹಗಲೆಲ್ಲ ಮಗು ಅಜ್ಜಿಯ ಜೊತೆ. ದೂರು ಒಂದೇ ಮಾತಿನದು: "ಏನೂ ತಿನ್ನಲ್ಲ." ಇದು ಒಂದೇ ಮನೆಯ ದಾಖಲೆಯಲ್ಲ. ಈ ವಯಸ್ಸಿನ ಮಕ್ಕಳಲ್ಲಿ ಮತ್ತೆ ಮತ್ತೆ ಎದುರಾಗುವ ಸಂಗತಿಗಳನ್ನು ಒಂದು ಮಗುವಿನ ಸುತ್ತ ಕೂಡಿಸಿ ಬರೆದ ಪ್ರಕರಣ.

ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯಲ್ಲಿ ಮಗುವಿನ ತೂಕ ಹಸಿರು ಪಟ್ಟಿಯ ಒಳಗೇ ಇದೆ, ಆದರೆ ಕೆಳಗಿನ ಅಂಚಿನ ಕಡೆಗೆ. ಅಪಾಯದ ತೂಕವಲ್ಲ. ಹಾಗಾಗಿ "ಸಣ್ಣ ಮೈಕಟ್ಟು, ಅವರಪ್ಪನೂ ಹೀಗೇ ಇದ್ದ" ಎಂದು ಮನೆಯವರು ಸುಮ್ಮನಾಗಿದ್ದರು. ಇನ್ನೆರಡು ಸಂಗತಿಗಳನ್ನು ಕೇಳಿದಾಗಷ್ಟೇ ಹೇಳಿದರು. ಮಗು ಮಂಚದ ಪಕ್ಕದ ಗೋಡೆಯ ಸುಣ್ಣ ಕೆರೆದು ಬಾಯಿಗೆ ಹಾಕಿಕೊಳ್ಳುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ಗಟ್ಟಿಯಾಗಿ, ಅಳುತ್ತಾ ಕಕ್ಕಸು ಮಾಡುತ್ತದೆ. ಮಣ್ಣು, ಸುಣ್ಣ, ಬಳಪ ತಿನ್ನುವ ಮಗುವಿಗೆ ಬೈಯುವ ಮೊದಲು ರಕ್ತ ಪರೀಕ್ಷೆ ಮಾಡಿಸಬೇಕು, ಕಬ್ಬಿಣದ ಕೊರತೆಗೆ ಇದು ದೊಡ್ಡ ಸುಳಿವು. ಮಾಡಿಸಿದಾಗ ಹಿಮೋಗ್ಲೋಬಿನ್ 9.4 ಬಂತು. ಈ ವಯಸ್ಸಿಗೆ 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ, 10ಕ್ಕಿಂತ ಕೆಳಗೆ ಹೋದರೆ ಮಧ್ಯಮ ಮಟ್ಟದ್ದು. ಅಪರೂಪದ ಕಾಯಿಲೆಯೇನಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು.

ಮೂರು ದಿನದ ಪಟ್ಟಿ

ಮೊದಲು ಮಾಡಿದ್ದು ಊಟದ ಬದಲಾವಣೆಯಲ್ಲ, ಲೆಕ್ಕ. ಮೂರು ದಿನ, ಅದರಲ್ಲಿ ಒಂದು ಭಾನುವಾರ, ಮಗುವಿನ ಬಾಯಿಗೆ ಹೋದದ್ದನ್ನೆಲ್ಲ ಗಂಟೆ ಸಮೇತ ಬರೆಯಬೇಕು. ಮೊದಲ ದಿನದ ಪಟ್ಟಿಯಲ್ಲಿ ನಾಲ್ಕೇ ಸಾಲು ಇತ್ತು: ಅರ್ಧ ಇಡ್ಲಿ, ಐದು ತುತ್ತು ಅನ್ನ-ತಿಳಿಸಾರು, ಒಂದು ಬಾಳೆಹಣ್ಣಿನ ತುಂಡು, ರಾತ್ರಿ ನಾಲ್ಕು ತುತ್ತು ಮೊಸರನ್ನ. ಹಾಲು, ಬಿಸ್ಕತ್ತು, ಅಂಗಡಿಯ ಕುರುಕಲನ್ನು ಬರೆದೇ ಇರಲಿಲ್ಲ. ಬಹುತೇಕ ಮನೆಗಳಲ್ಲಿ ಆಗುವ ತಪ್ಪು ಇದೇ, ಹಾಲನ್ನು ಯಾರೂ ಊಟದ ಲೆಕ್ಕಕ್ಕೆ ಸೇರಿಸುವುದಿಲ್ಲ. ಮತ್ತೆ ಬರೆಸಿದಾಗ ಪಟ್ಟಿ ತುಂಬಿತು. ಎದ್ದ ತಕ್ಷಣ ಬಾಟಲಿಯಲ್ಲಿ 200 ಮಿ.ಲೀ. ಹಾಲು, ಮಧ್ಯಾಹ್ನ ಮಲಗುವಾಗ 200, ಸಂಜೆ 200, ರಾತ್ರಿ ನಿದ್ದೆಗಣ್ಣಲ್ಲಿ 250. ಒಟ್ಟು 850. ಪ್ರತಿ ಬಾಟಲಿಗೆ ಒಂದು ಚಮಚ ಸಕ್ಕರೆ, ಒಂದು ಚಮಚ ಚಾಕೊಲೇಟ್ ಬಣ್ಣದ ಮಾಲ್ಟ್ ಪುಡಿ. ಹಾಲಿನ ನಡುವೆ ದಿನಕ್ಕೆ ಐದಾರು ಬಿಸ್ಕತ್ತು, ಹತ್ತು ರೂಪಾಯಿಯ ಒಂದು ಕುರುಕಲು ಪ್ಯಾಕೆಟ್.

ಲೆಕ್ಕ ಹಾಕಿ ನೋಡಿ. ನೀಲಿ ಪ್ಯಾಕೆಟ್ಟಿನ ಹಾಲು 100 ಮಿ.ಲೀ.ಗೆ ಸುಮಾರು 60 ಕ್ಯಾಲೊರಿ. 850ಕ್ಕೆ 500, ಸಕ್ಕರೆ ಮತ್ತು ಪುಡಿಯಿಂದ ಇನ್ನೊಂದು 150. ಈ ಮಗುವಿಗೆ ದಿನಕ್ಕೆ ಬೇಕಾದದ್ದೇ 1,100ರ ಆಸುಪಾಸು. ಬಿಸ್ಕತ್ತು, ಕುರುಕಲು ಸೇರಿದರೆ ಹೊಟ್ಟೆಯಲ್ಲಿ ಊಟಕ್ಕೆ ಉಳಿಯುವ ಜಾಗ ಆ ಐದು ತುತ್ತಿನಷ್ಟೇ. ಮಗು ದಿನವಿಡೀ ತಿನ್ನುತ್ತಿತ್ತು, ಊಟ ಮಾತ್ರ ಮಾಡುತ್ತಿರಲಿಲ್ಲ.

ರಕ್ತ ಕಡಿಮೆಯಾದ ಕಾರಣವೂ ಇಲ್ಲೇ ಇದೆ. ಹಾಲಿನಲ್ಲಿ ಕ್ಯಾಲ್ಸಿಯಂ ಧಾರಾಳ, ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. 850 ಮಿ.ಲೀ.ನಲ್ಲಿ ಅರ್ಧ ಮಿ.ಗ್ರಾಂ. ಸಿಗುವುದೂ ಕಷ್ಟ, ಮಗುವಿಗೆ ದಿನಕ್ಕೆ 8 ಮಿ.ಗ್ರಾಂ. ಬೇಕು. ಜೊತೆಗೆ ಹಾಲಿನ ಕ್ಯಾಲ್ಸಿಯಂ ಮತ್ತು ಪ್ರೋಟೀನು ಬೇರೆ ಆಹಾರದ ಕಬ್ಬಿಣ ಮೈಗೆ ಹತ್ತದಂತೆ ಅಡ್ಡಿ ಮಾಡುತ್ತವೆ. ಮಲಬದ್ಧತೆಗೆ ಬರೀ ಹಾಲು ಮತ್ತು ಮೈದಾ ಸಾಕು, ಮಲಬದ್ಧತೆಯಿಂದ ಹಸಿವು ಇನ್ನೂ ಸಾಯುತ್ತದೆ. ಹಸಿವಿಲ್ಲದ ಮಗುವಿಗೆ ಇನ್ನೊಂದು ಬಾಟಲಿ ಸಿಗುತ್ತದೆ.

ಊಟದ ಪಟ್ಟಿಯ ಪಕ್ಕದಲ್ಲೇ ಇನ್ನೊಂದು ಪಟ್ಟಿ: ಮೊಬೈಲು ಮತ್ತು ಟಿವಿ ಸೇರಿ ಮೂರೂವರೆ ಗಂಟೆ, ಅದರ ಅರ್ಧ ಭಾಗ ಊಟದ ಹೊತ್ತಿನಲ್ಲಿ. ಹೊರಗೆ ಆಟ ಇಪ್ಪತ್ತು ನಿಮಿಷ. ನಿದ್ದೆ ರಾತ್ರಿ ಹನ್ನೊಂದೂವರೆಯಿಂದ ಬೆಳಿಗ್ಗೆ ಎಂಟು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮೂರು-ನಾಲ್ಕು ವರ್ಷದವರಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, ಅದರಲ್ಲಿ 60 ನಿಮಿಷ ಏದುಸಿರು ಬರುವಂಥ ಆಟ ಬೇಕು ಎಂದಿದೆ. ಪರದೆ ಒಂದು ಗಂಟೆ ಮೀರಬಾರದು, ಹಗಲಿನದೂ ಸೇರಿ ನಿದ್ದೆ 10ರಿಂದ 13 ಗಂಟೆ ಇರಬೇಕು.

ಯಾವುದು ಮೊದಲು

ಎಲ್ಲವನ್ನೂ ಒಂದೇ ಸೋಮವಾರ ಬದಲಿಸಲು ಹೋದರೆ ಬುಧವಾರದೊಳಗೆ ಮನೆ ಸೋಲುತ್ತದೆ. ಹೊಸ ತಿಂಡಿ ಮಾಡುವುದರಿಂದ ಶುರುಮಾಡುವುದೂ ತಪ್ಪು. ಹೊಟ್ಟೆ ತುಂಬಿದ ಮಗುವಿಗೆ ಯಾವ ರುಚಿಯೂ ಬೇಡ. ಮೊದಲು ಹಸಿವು ಹುಟ್ಟಬೇಕು. ಅದಕ್ಕೆ ದಾರಿ ಎರಡು, ಹಾಲು ಇಳಿಸುವುದು ಮತ್ತು ಊಟಕ್ಕೆ ಮುಂಚೆ ಆಡಿಸುವುದು. ಆದ್ದರಿಂದ ಮೊದಲ ವಾರ ಹಾಲು ಮತ್ತು ಆಟ, ಎರಡನೇ ವಾರ ಹೊತ್ತು ಮತ್ತು ಮೊಬೈಲು, ಸೊಪ್ಪು-ಕಾಳು ಮೂರನೇ ವಾರದಿಂದ ಎಂದು ಕ್ರಮ ಹಾಕಿದ್ದಾಯಿತು.

ಹಾಲಿನ ಗುರಿ 400 ಮಿ.ಲೀ., ಮೊಸರೂ ಸೇರಿ. ಬೆಳಿಗ್ಗೆ 150, ಸಂಜೆ 150, ಊಟದ ಜೊತೆ ಒಂದು ಸಣ್ಣ ಬಟ್ಟಲು ಮೊಸರು. ಮೊದಲ ಮೂರು ದಿನದಲ್ಲಿ ಮಾಲ್ಟ್ ಪುಡಿ ನಿಂತಿತು, ಸಕ್ಕರೆ ಅರ್ಧ ಚಮಚಕ್ಕೆ ಇಳಿಯಿತು. ಆಮೇಲೆ ಎರಡು ದಿನಕ್ಕೊಮ್ಮೆ ಪ್ರತಿ ಸಲದ ಹಾಲಿನಲ್ಲಿ 50 ಮಿ.ಲೀ. ಕಡಿತ. ಹಗಲಿನ ಹಾಲು ಬಾಟಲಿಯಿಂದ ಸಣ್ಣ ಸ್ಟೀಲ್ ಲೋಟಕ್ಕೆ ಬಂತು. ಲೋಟದಲ್ಲಿ ಮಗು ತಾನಾಗಿಯೇ ಕಡಿಮೆ ಕುಡಿಯುತ್ತದೆ, ಬಾಟಲಿಯಲ್ಲಿ ಚೀಪುವ ಸುಖಕ್ಕೇ ಅರ್ಧ ಹಾಲು ಒಳಗೆ ಹೋಗುತ್ತಿರುತ್ತದೆ. ರಾತ್ರಿಯ ಬಾಟಲಿಯನ್ನು ಕೊನೆಗೆ ಮುಟ್ಟಿದ್ದು. ದಿನದಿನಕ್ಕೆ ಹಾಲು ಕಡಿಮೆ, ನೀರು ಹೆಚ್ಚು ಮಾಡುತ್ತಾ ಹತ್ತು ದಿನದಲ್ಲಿ ಬರೀ ನೀರಾಯಿತು. ಬರೀ ನೀರಿನ ಬಾಟಲಿಯನ್ನು ಮೂರನೇ ರಾತ್ರಿ ಮಗುವೇ ಪಕ್ಕಕ್ಕೆ ಇಟ್ಟಿತು. ಮೇಲಿನ ಮುಂಬಲ್ಲುಗಳ ಬುಡದಲ್ಲಿ ಆಗಲೇ ಕಂದು ಗೆರೆ ಬಿದ್ದಿತ್ತು. ರಾತ್ರಿಯಿಡೀ ಹಲ್ಲಿಗೆ ಮೆತ್ತಿಕೊಂಡಿದ್ದ ಸಿಹಿ ಹಾಲಿನ ಗುರುತು ಅದು.

"ಹಾಲು ಕಡಿಮೆ ಮಾಡಿದರೆ ಮೂಳೆ?" ಎಂದು ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಮಗುವಿಗೆ ಬೇಕಾದ ಕ್ಯಾಲ್ಸಿಯಂ ದಿನಕ್ಕೆ 500 ಮಿ.ಗ್ರಾಂ. 400 ಮಿ.ಲೀ. ಹಾಲು-ಮೊಸರಿನಲ್ಲೇ ಸುಮಾರು 480 ಸಿಗುತ್ತದೆ. 30 ಗ್ರಾಂ ರಾಗಿ ಹಿಟ್ಟಿನಲ್ಲಿ ಇನ್ನೊಂದು 100.

ನಾಲ್ಕನೇ ದಿನ ಎಡವಿದರು. ಬೆಳಿಗ್ಗೆ ಮಗು ದೋಸೆ ಮುಟ್ಟಲಿಲ್ಲ, ಹತ್ತು ಗಂಟೆಗೆ ಅಳು, ಅಜ್ಜಿ ಅಟ್ಟದಿಂದ ಬಾಟಲಿ ತೆಗೆದು ಕೊಟ್ಟರು. ಸಂಜೆ ಸೊಸೆಗೆ ಹೇಳಿದ್ದು, "ಮಗು ಹೊಟ್ಟೆ ಹಸ್ಕೊಂಡು ಅಳ್ತಾ ಇದ್ರೆ ನೋಡ್ತಾ ಕೂರೋಕಾಗಲ್ಲ ಕಣಮ್ಮಾ." ಇಲ್ಲಿ ಅಜ್ಜಿಯನ್ನು ತಪ್ಪಿತಸ್ಥೆ ಮಾಡಿದ ಮನೆಗಳಲ್ಲಿ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಹಗಲಿಡೀ ಮಗುವಿನ ಅಳು ಕೇಳುವವರು ಅವರು. ಬೇಕಾದದ್ದು ಅಳುವ ಹೊತ್ತಿಗೆ ಕೈಯಲ್ಲಿ ಕೊಡಲು ಏನಾದರೂ. ಹತ್ತೂವರೆಯ ಹಣ್ಣಿನ ಹೊತ್ತನ್ನು ಹತ್ತಕ್ಕೆ ತಂದು, ಹೆಚ್ಚಿದ ಸೀಬೆ ಅಥವಾ ಪಪ್ಪಾಯಿ ಬಟ್ಟಲನ್ನು ಅಜ್ಜಿಯ ಕೈಗೆ ಕೊಟ್ಟರು. ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಜವಾಬ್ದಾರಿಯನ್ನೂ ಅವರಿಗೇ ವಹಿಸಿದರು. ಮತ್ತೆ ಬಾಟಲಿ ಇಳಿಯಲಿಲ್ಲ.

ಹೊತ್ತು ಮತ್ತು ತಟ್ಟೆ

ಎರಡನೇ ವಾರದ ಕೊನೆಗೆ ನೆಲೆ ನಿಂತ ದಿನಚರಿ ಹೀಗಿತ್ತು. ಏಳೂವರೆಗೆ ಏಳುವುದು, ಲೋಟದಲ್ಲಿ ಹಾಲು. ಒಂಬತ್ತಕ್ಕೆ ತಿಂಡಿ. ಹತ್ತಕ್ಕೆ ಹಣ್ಣು, ಆಮೇಲೆ ಆಟ. ಹನ್ನೆರಡೂವರೆಗೆ ಊಟ, ಒಂದೂವರೆಯಿಂದ ಮೂರರವರೆಗೆ ನಿದ್ದೆ. ನಾಲ್ಕಕ್ಕೆ ಹಾಲು ಮತ್ತು ಏನಾದರೂ ಗಟ್ಟಿ ತಿಂಡಿ. ಐದರಿಂದ ಆರೂಕಾಲು ಹೊರಗೆ. ಏಳೂಕಾಲಿಗೆ ಊಟ, ಒಂಬತ್ತೂವರೆಯೊಳಗೆ ದೀಪ ಆರಿಸುವುದು. ಒಂದು ಹೊತ್ತಿಗೂ ಇನ್ನೊಂದಕ್ಕೂ ನಡುವೆ ನೀರು ಮಾತ್ರ. ಈ ಕೊನೆಯ ಸಾಲೇ ಎಲ್ಲಕ್ಕಿಂತ ಮುಖ್ಯವಾದದ್ದು. ಹನ್ನೊಂದೂವರೆಗೆ ಕೊಟ್ಟ ಎರಡು ಬಿಸ್ಕತ್ತು ಹನ್ನೆರಡೂವರೆಯ ಊಟವನ್ನು ಕೆಡಿಸುತ್ತದೆ.

ದೊಡ್ಡವರು ತೀರ್ಮಾನಿಸಬೇಕಾದ್ದು ಮೂರು: ಏನು, ಯಾವಾಗ, ಎಲ್ಲಿ. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಎನ್ನುವುದು ಮಗುವಿಗೆ ಬಿಟ್ಟದ್ದು. ಕೇಳಲು ಸುಲಭ, ನಡೆಸುವುದು ಕಷ್ಟ, ಏಕೆಂದರೆ ತಟ್ಟೆ ಖಾಲಿಯಾಗದಿದ್ದರೆ ನಮ್ಮ ಮನೆಗಳಲ್ಲಿ ಯಾರಿಗೂ ಸಮಾಧಾನವಿಲ್ಲ. ಇದಕ್ಕೆ ನೆರವಾದದ್ದು ಸ್ವಲ್ಪವೇ ಬಡಿಸುವುದು. ಈ ವಯಸ್ಸಿಗೆ ಮೊದಲ ಸಲಕ್ಕೆ ಪ್ರತಿ ಪದಾರ್ಥ ಎರಡು ಮೂರು ದೊಡ್ಡ ಚಮಚ, ಹೊಸದಾದರೆ ಅರ್ಧ ಚಮಚ. ಗುಡ್ಡೆ ಅನ್ನ ನೋಡಿದರೆ ಮಗು ಕುಳಿತುಕೊಳ್ಳುವ ಮೊದಲೇ ಎದ್ದುಬಿಡುತ್ತದೆ, ಮೂರು ಚಮಚ ಮುಗಿಸಿ "ಇನ್ನೂ" ಎಂದರೆ ಬಡಿಸಿದವರಿಗೂ ಖುಷಿ. ಇಪ್ಪತ್ತೈದು ನಿಮಿಷಕ್ಕೆ ತಟ್ಟೆ ಎತ್ತುವುದು, ಬೈಗುಳವಿಲ್ಲ, ಹೊಗಳಿಕೆಯೂ ಇಲ್ಲ. "ಪಲ್ಯ ತಿಂದರೆ ಚಾಕಲೇಟು" ಎನ್ನುವ ಮಾತು ನಿಂತಿತು. ಆ ಮಾತಿನಿಂದ ಮಗು ಕಲಿಯುವುದು ಪಲ್ಯ ಕಷ್ಟದ್ದು, ಚಾಕಲೇಟು ಬಹುಮಾನ ಎಂದೇ.

ಮೊಬೈಲನ್ನು ಶನಿವಾರ ಬಿಡಿಸಿದ್ದು, ಇಬ್ಬರೂ ಮನೆಯಲ್ಲಿದ್ದ ದಿನ. ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದು ಊಟದ ಹೊತ್ತಿನ ಮೊಬೈಲಿಗೆ ಹೊಂದುವುದಿಲ್ಲ, ಒಮ್ಮೆ ಸಿಕ್ಕಿದ್ದು ಇನ್ನೊಮ್ಮೆ ಸಿಗದಿದ್ದರೆ ಅಳು ಇಮ್ಮಡಿಯಾಗುತ್ತದೆ. ಮೊದಲ ಊಟಕ್ಕೆ ಇಪ್ಪತ್ತೈದು ನಿಮಿಷ ಅಳು, ಮೂರು ಚಮಚ ಅನ್ನ. ಮಾರನೆಯ ದಿನ ಹತ್ತು ನಿಮಿಷ. ನಾಲ್ಕನೇ ದಿನ ಅಳು ನಿಂತಿತು. ಐದನೇ ದಿನ ಅಪ್ಪ ಊಟದ ನಡುವೆ ಮೆಸೇಜು ನೋಡಿದರು, ಮಗು ಕೈತೊಳೆದು ಎದ್ದು ಹೋಯಿತು. ಅಂದಿನಿಂದ ಎಲ್ಲರ ಫೋನೂ ಫ್ರಿಜ್ಜಿನ ಮೇಲೆ, ಎಲ್ಲರೂ ನೆಲದ ಮೇಲೆ ಸಾಲಾಗಿ. ಪರದೆ ನೋಡುತ್ತಾ ತಿನ್ನುವ ಮಗುವಿಗೆ ಹೊಟ್ಟೆ ತುಂಬಿದ್ದೂ ತಿಳಿಯುವುದಿಲ್ಲ, ಬಾಯಲ್ಲಿ ಏನಿದೆ ಎಂದೂ ತಿಳಿಯುವುದಿಲ್ಲ. ಹೊಸ ರುಚಿ ಪರಿಚಯವಾಗದಿರುವುದು ಅದಕ್ಕೇ.

ದಂಟಿನ ಸೊಪ್ಪು, ಹದಿನಾಲ್ಕು ಸಲ

ಎರಡರಿಂದ ಆರು ವರ್ಷದ ನಡುವೆ ಹೊಸ ಆಹಾರ ಕಂಡರೆ ಹಿಂಜರಿಯುವುದು ಸಹಜ, ಅದು ಹಟವಲ್ಲ. ಒಂದೇ ಪದಾರ್ಥ ಹತ್ತು ಹದಿನೈದು ಸಲ ಕಣ್ಣಿಗೆ, ಕೈಗೆ, ನಾಲಿಗೆಗೆ ಸಿಕ್ಕಮೇಲೆ ಒಪ್ಪಿಕೊಳ್ಳುವ ಮಕ್ಕಳೇ ಹೆಚ್ಚು. ಎರಡು ಮೂರು ಸಲಕ್ಕೆ "ಇವನಿಗೆ ಸೊಪ್ಪು ಆಗಲ್ಲ" ಎಂದು ಕೈಬಿಡುವುದರಿಂದಲೇ ಮನೆಯ ಪಟ್ಟಿ ಐದು ಪದಾರ್ಥಕ್ಕೆ ಕುಗ್ಗಿರುತ್ತದೆ.

ಅಮ್ಮ ಮೊದಲು ಆರಿಸಿದ್ದು ಅಡ್ಡದಾರಿ. ಸೊಪ್ಪನ್ನು ರುಬ್ಬಿ ಇಡ್ಲಿ ಹಿಟ್ಟಿಗೆ ಸೇರಿಸಿದರು. ಮಗು ಹಸಿರು ಇಡ್ಲಿಯನ್ನು ನೋಡಿ ದೂಡಿತು. ಕೆಟ್ಟದ್ದೇನೆಂದರೆ ಒಂದು ವಾರ ಬಿಳಿ ಇಡ್ಲಿಯನ್ನೂ ಬಿಟ್ಟಿತು. ತಿನ್ನುತ್ತಿದ್ದ ಒಂದೆರಡು ಪದಾರ್ಥದೊಳಗೆ ಬಚ್ಚಿಟ್ಟರೆ ಆ ನಂಬಿಕೆಯೂ ಹೋಗುತ್ತದೆ. ಸೇರಿಸುವುದಾದರೆ ಮಗುವಿನ ಕಣ್ಣೆದುರು, ಹೆಸರು ಹೇಳಿ ಸೇರಿಸಬೇಕು.

ಆಮೇಲೆ ದಾರಿ ಬದಲಾಯಿತು. ಅಜ್ಜಿ ಬೆಳಿಗ್ಗೆ ಮೊರ ಮುಂದಿಟ್ಟುಕೊಂಡು ದಂಟಿನ ಸೊಪ್ಪು ಬಿಡಿಸುವಾಗ ಮಗುವನ್ನೂ ಕೂರಿಸಿಕೊಂಡರು. ಎಲೆ ಕಿತ್ತು ಮೊರಕ್ಕೆ, ದಂಟು ಬುಟ್ಟಿಗೆ. ಮೊದಲ ದಿನ ಎಲೆಗಿಂತ ಮಣ್ಣೇ ಹೆಚ್ಚು ಕೈಗೆ ಅಂಟಿತು. ಮೂರನೇ ದಿನ ಕೆಂಪು ದಂಟು, ಹಸಿರು ದಂಟು ಬೇರೆ ಮಾಡಿತು. ತಟ್ಟೆಯಲ್ಲಿ ಅರ್ಧ ಚಮಚ ಪಲ್ಯ ಒಂದು ಮೂಲೆಗೆ, ತಿನ್ನು ಎಂದು ಯಾರೂ ಹೇಳುವುದಿಲ್ಲ, ಅಜ್ಜಿ ತಮ್ಮ ತಟ್ಟೆಯದನ್ನು ತಿನ್ನುತ್ತಾರೆ. ಐದು ಊಟ ಹಾಗೇ ಉಳಿಯಿತು. ಆರನೆಯದಕ್ಕೆ ಬೆರಳಲ್ಲಿ ಒತ್ತಿ ನೋಡಿತು. ಒಂಬತ್ತನೆಯದಕ್ಕೆ ನಾಲಿಗೆಗೆ ಮುಟ್ಟಿಸಿ ಉಗಿಯಿತು. ಉಗಿದದ್ದನ್ನು ಸೋಲೆಂದು ಬರೆಯಬಾರದು, ನಾಲಿಗೆಗೆ ಪರಿಚಯವಾಗುವುದೂ ಹಾಗೆಯೇ. ಹನ್ನೆರಡನೆಯದಕ್ಕೆ ತೆಂಗಿನತುರಿ ಜೊತೆ ಒಂದಿಷ್ಟು ನುಂಗಿತು. ಹದಿನಾಲ್ಕನೆಯದು ಬಸ್ಸಾರಿನ ದಿನ, ಗೋಲಿಯಷ್ಟು ಸಣ್ಣ ಮುದ್ದೆಯ ಉಂಡೆಯೊಂದಿಗೆ ಪಲ್ಯದ ಚಮಚ ಖಾಲಿಯಾಯಿತು.

ಉಳಿದ ಪದಾರ್ಥಗಳು ಇಷ್ಟು ಸತಾಯಿಸಲಿಲ್ಲ. ಮೊಳಕೆ ಹೆಸರುಕಾಳು ರುಬ್ಬಿದ ತೆಳು ದೋಸೆ, ಬೇಯಿಸಿದ ಮೊಟ್ಟೆಯ ಅರ್ಧ ಹೋಳು, ಸಬ್ಬಸಿಗೆ ಸೊಪ್ಪಿನ ಅಕ್ಕಿರೊಟ್ಟಿ ಎರಡು ಮೂರು ಸಲಕ್ಕೇ ಒಗ್ಗಿದವು. ಸಂಜೆ ಮಾಲ್ಟ್ ಪುಡಿಯ ಬದಲು ರಾಗಿ ಹುರಿಹಿಟ್ಟು: ಎರಡು ದೊಡ್ಡ ಚಮಚ ಹಿಟ್ಟು, ಅದೇ 150ರ ಹಾಲಿನಲ್ಲಿ ಸ್ವಲ್ಪ, ಚಿಟಿಕೆ ಬೆಲ್ಲ, ಕಾಯಿತುರಿ, ಚಮಚದಲ್ಲಿ ತಿನ್ನುವಷ್ಟು ಗಟ್ಟಿ. ಸೊಪ್ಪು-ಕಾಳಿನ ಮೇಲೆ ಕೊನೆಗೆ ನಿಂಬೆರಸ ಹಿಂಡುವುದು ರುಚಿಗಷ್ಟೇ ಅಲ್ಲ, ಅದರ ಸಿ ವಿಟಮಿನ್ ಕಬ್ಬಿಣ ಹೀರಿಕೊಳ್ಳಲು ನೆರವಾಗುತ್ತದೆ. ಅಜ್ಜಿಯ ಲೋಟದಿಂದ ಎರಡು ಗುಟುಕು ಟೀ ಕೊಡುವ ಅಭ್ಯಾಸ ಬಿಡಿಸಿದ್ದು ಇದಕ್ಕೆ ವಿರುದ್ಧವಾದ ಕಾರಣಕ್ಕೆ. ಒಂದು ಎಚ್ಚರ: ಇಡೀ ಕಡಲೆಕಾಯಿ ಬೀಜ, ಹುರಿಗಡಲೆ, ಇಡೀ ದ್ರಾಕ್ಷಿ ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಬೀಜಗಳನ್ನು ಕುಟ್ಟಿ ಪುಡಿ ಮಾಡಿ, ದ್ರಾಕ್ಷಿ ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಬೇಕು. ಓಡಾಡುತ್ತಾ ತಿನ್ನುವುದಂತೂ ಬೇಡವೇ ಬೇಡ.

ಎರಡನೇ ಮಹಡಿಯಲ್ಲಿ ಮೂರು ಗಂಟೆ ಆಟ

180 ನಿಮಿಷ ಎಂದಾಗ ಮನೆಯವರು ಕೈಚೆಲ್ಲಿದರು. ಒಂದೇ ಸಲಕ್ಕಲ್ಲ, ದಿನದ ತುಣುಕುಗಳನ್ನು ಕೂಡಿಸುವುದು ಎಂದ ಮೇಲೆ ಲೆಕ್ಕ ಹತ್ತಿರ ಬಂತು. ಬೆಳಿಗ್ಗೆ ಅಪ್ಪನ ಜೊತೆ ಹಾಲಿನ ಬೂತಿಗೆ ನಡಿಗೆ, ಬರುವಾಗ ಅರ್ಧ ಲೀಟರ್ ಪ್ಯಾಕೆಟ್ಟು ಮಗುವಿನ ಕೈಯಲ್ಲಿ, ಮೆಟ್ಟಿಲು ಸ್ವಂತ ಕಾಲಲ್ಲಿ: ಇಪ್ಪತ್ತು ನಿಮಿಷ. ಹನ್ನೊಂದರ ಆಟ ನಲವತ್ತು. ಸಂಜೆ ಬೀದಿಯಲ್ಲಿ ಎಪ್ಪತ್ತೈದು. ಬಟ್ಟೆ ಒಣಹಾಕುವಾಗ ಕ್ಲಿಪ್ಪು ತಂದುಕೊಡುವುದು, ಸೊಪ್ಪಿನ ಕಸ ಬುಟ್ಟಿಗೆ ಹೊರುವುದು, ಊಟದ ತಟ್ಟೆ ಇಡುವುದು ಸೇರಿ ಉಳಿದದ್ದು.

ಹನ್ನೊಂದರ ಆಟವೇ ಮಧ್ಯಾಹ್ನದ ಊಟದ ಬೆನ್ನೆಲುಬು. ಅಜ್ಜಿಗೆ ಮಂಡಿನೋವು, ಓಡಲಾರರು. ಹಾಗಾಗಿ ಕುಳಿತಲ್ಲಿಂದ ಆಡಿಸಬಹುದಾದದ್ದೇ ಬೇಕಿತ್ತು. ಕೆರೆ-ದಡ ಇದಕ್ಕೆ ಹೇಳಿ ಮಾಡಿಸಿದ್ದು. ನಡುಮನೆಯಲ್ಲಿ ಸೀಮೆಸುಣ್ಣದಿಂದ ಒಂದು ಗೆರೆ, ಆಚೆ ಕೆರೆ, ಈಚೆ ದಡ. ಅಜ್ಜಿ ಕುರ್ಚಿಯಲ್ಲಿ ಕುಳಿತು ಕೂಗುತ್ತಾರೆ, ಮಗು ಎರಡೂ ಕಾಲು ಜೋಡಿಸಿ ಹಾರುತ್ತದೆ. ಮೂರು ವರ್ಷಕ್ಕೆ ಜೋಡಿಗಾಲಿನ ಜಿಗಿತ ಬರುತ್ತದೆ, ಒಂಟಿಗಾಲಿನ ಕುಂಟಾಟ ನಾಲ್ಕರ ಹೊತ್ತಿಗೆ. ಈಗಲೇ ಕುಂಟೆಬಿಲ್ಲೆ ಆಡಿಸಿದರೆ ಬಿದ್ದು ಬೇಸರಪಡುತ್ತದೆ. ಮಡಿಸಿದ ಕಾಲುಚೀಲದ ಉಂಡೆಯನ್ನು ಬಕೆಟ್ಟಿಗೆ ಎಸೆಯುವುದು, ನಾಲ್ಕು ದಿಂಬು ಹಾಸಿ ದಾಟುವುದು, ಕಪ್ಪೆಯಂತೆ ಕುಪ್ಪಳಿಸಿ ಬಾಗಿಲು ಮುಟ್ಟಿ ಬರುವುದು. ನೆಲ ಒದ್ದೆಯಿರಬಾರದು, ಕಾಲಿಗೆ ಚೀಲ ಇರಬಾರದು, ಎರಡೂ ಜಾರಿಸುತ್ತವೆ. ಮಹಡಿಯ ತಾರಸಿಗೆ ದೊಡ್ಡವರಿಲ್ಲದೆ ಹೋಗದಂತೆ ಮೇಲೊಂದು ಚಿಲಕ ಹಾಕಿಸಿದರು.

ಮೊದಲ ಎರಡು ವಾರ ಮಗು ಹತ್ತು ನಿಮಿಷಕ್ಕೇ ಕುಳಿತುಬಿಡುತ್ತಿತ್ತು. ಸೋಮಾರಿತನವಲ್ಲ, 9.4ರ ರಕ್ತದಲ್ಲಿ ಅಷ್ಟೇ ಉಸಿರು. ಹತ್ತು ನಿಮಿಷ ಆಡಿ ಐದು ನಿಮಿಷ ವಿರಾಮ ಎಂದು ಒಡೆದರು. ನಾಲ್ಕನೇ ವಾರಕ್ಕೆ ವಿರಾಮ ಕೇಳುವುದು ತಾನಾಗಿ ನಿಂತಿತು.

ಔಷಧ

ಈ ಮಟ್ಟದ ರಕ್ತಹೀನತೆಗೆ ಸೊಪ್ಪು-ಬೆಲ್ಲ ಸಾಲದು, ಸಿರಪ್ ಬೇಕೇ ಬೇಕು. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 3 ಮಿ.ಗ್ರಾಂ. ಕಬ್ಬಿಣದಂತೆ ಸುಮಾರು 37 ಮಿ.ಗ್ರಾಂ. ಎಂದು ವೈದ್ಯರು ಬರೆದರು, ಜೊತೆಗೆ ಜಂತುಹುಳುವಿನ ಮಾತ್ರೆ. ಎಷ್ಟು ಮಿ.ಲೀ. ಎನ್ನುವುದು ಸೀಸೆಯ ಮೇಲಿನ "ಎಲಿಮೆಂಟಲ್ ಐರನ್" ಅಂಕಿ ನೋಡಿ ವೈದ್ಯರೇ ಹೇಳಬೇಕು. ಒಂದು ಸಿರಪ್ಪಿನ 5 ಮಿ.ಲೀ.ನಲ್ಲಿರುವಷ್ಟು ಕಬ್ಬಿಣ ಇನ್ನೊಂದರ 1 ಮಿ.ಲೀ.ನಲ್ಲೇ ಇರಬಹುದು, ಸೀಸೆ ಬದಲಾದರೆ ಅಳತೆಯೂ ಬದಲಾಗುತ್ತದೆ. ಹಾಲಿನ ಜೊತೆ ಕೊಡಬಾರದು. ಇವರು ಹಣ್ಣಿನ ಹೊತ್ತಿಗೆ, ಸೀಬೆಯ ಜೊತೆ ಕೊಟ್ಟರು. ಕಕ್ಕಸು ಕಪ್ಪಗಾದದ್ದನ್ನು ನೋಡಿ ಅಮ್ಮ ಎರಡು ದಿನ ನಿಲ್ಲಿಸಿದ್ದರು, ಅದು ಕಬ್ಬಿಣದ ಬಣ್ಣ ಎಂದು ಮೊದಲೇ ಹೇಳಿದ್ದರೆ ಆ ಎರಡು ದಿನ ಉಳಿಯುತ್ತಿತ್ತು. ಸೀಸೆ ಮಗುವಿನ ಕೈಗೆ ಎಟುಕದ ಕಡೆ ಇರಬೇಕು, ಒಂದೇ ಸಲ ಹೆಚ್ಚು ಕುಡಿದರೆ ಕಬ್ಬಿಣ ವಿಷ.

ಆರನೇ ವಾರ ಮಗು ಪಕ್ಕದ ಬೀದಿಯ ಅಂಗನವಾಡಿಗೆ ಹೋಗತೊಡಗಿತು. ಅಲ್ಲಿ ಸಾಲಿನಲ್ಲಿ ಕುಳಿತು ಅನ್ನ-ಸಾಂಬಾರು ಉಂಡಿತು ಎಂದು ಕಾರ್ಯಕರ್ತೆ ಹೇಳಿದಾಗ ಅಜ್ಜಿ ನಂಬಲಿಲ್ಲ, ಮಾರನೆಯ ದಿನ ಕಿಟಕಿಯಿಂದ ನೋಡಿ ಬಂದರು. ಪಕ್ಕದ ಮಗು ತಿನ್ನುವುದನ್ನು ನೋಡಿ ತಿನ್ನುವುದಕ್ಕೆ ಸಮನಾದ ಉಪಾಯ ಮನೆಯಲ್ಲಿ ಯಾವುದೂ ಇಲ್ಲ. ಆದರೆ ಎರಡು ಲೆಕ್ಕ ತಿದ್ದಬೇಕಾಯಿತು. ಕ್ಷೀರಭಾಗ್ಯದ 150 ಮಿ.ಲೀ. ಹಾಲು ಅಲ್ಲಿ ಸಿಗುವ ದಿನ ಮನೆಯ ಒಂದು ಲೋಟ ಕಡಿತ. ವಾರಕ್ಕೆರಡು ಸಲ ಕೊಡುವ ಕಬ್ಬಿಣದ ಸಿರಪ್ಪನ್ನು, ಚಿಕಿತ್ಸೆ ನಡೆಯುತ್ತಿರುವಾಗ ಮೇಲಿಂದ ಕೊಡುವುದು ಬೇಡ ಎಂದು ವೈದ್ಯರ ಚೀಟಿ ತೋರಿಸಿ ಹೇಳಿದರು.

ಎರಡನೇ ವಾರದಲ್ಲಿ ತೂಕ 200 ಗ್ರಾಂ ಇಳಿದಿತ್ತು. ಎಲ್ಲರೂ ಗಾಬರಿಯಾಗುವ, ಬಾಟಲಿ ಮರಳಿ ಬರುವ ವಾರ ಅದೇ. ಹೊಟ್ಟೆಯಲ್ಲಿದ್ದ ಹಾಲಿನ, ಕಟ್ಟಿಕೊಂಡಿದ್ದ ಮಲದ ಭಾರ ಕಡಿಮೆಯಾದರೂ ತಕ್ಕಡಿ ಇಷ್ಟು ಆಡುತ್ತದೆ. ಮಗು ಚಟುವಟಿಕೆಯಿಂದಿದ್ದು, ಮೂತ್ರ ಸರಿಯಾಗಿ ಹೋಗುತ್ತಿದ್ದರೆ ಕಾಯಬಹುದು. ತೂಕ ಇಳಿಯುತ್ತಲೇ ಇದ್ದರೆ, ನುಂಗುವಾಗ ಉಸಿರು ಕಟ್ಟಿದರೆ, ಮಲದಲ್ಲಿ ರಕ್ತ ಕಂಡರೆ, ತಿನ್ನುತ್ತಿದ್ದ ಪದಾರ್ಥಗಳನ್ನೂ ಒಂದೊಂದಾಗಿ ಬಿಡುತ್ತಾ ಹೋದರೆ ಕಾಯಬಾರದು, ವೈದ್ಯರಲ್ಲಿಗೆ ಹೋಗಬೇಕು.

ನಾಲ್ಕನೇ ವಾರಕ್ಕೆ ಹಿಮೋಗ್ಲೋಬಿನ್ 10.5, ಹನ್ನೆರಡನೆಯದಕ್ಕೆ 11.6. ತೂಕ 13.1. ಗೋಡೆ ಕೆರೆಯುವುದು ಮೂರನೇ ವಾರದಲ್ಲೇ ನಿಂತಿತ್ತು. ಕಕ್ಕಸು ದಿನಾ ಅಥವಾ ದಿನ ಬಿಟ್ಟು ದಿನ, ಊಟವಾದ ಮೇಲೆ ಹತ್ತು ನಿಮಿಷ, ಕಮೋಡಿನಲ್ಲಿ ಕಾಲ ಕೆಳಗೆ ಮಣೆ ಇಟ್ಟು. ಹುರುಳಿಕಾಯಿ, ಹಾಗಲಕಾಯಿ ಇನ್ನೂ ತಟ್ಟೆಯ ಮೂಲೆಯಲ್ಲೇ ಉಳಿಯುತ್ತವೆ. ನೆಂಟರ ಮನೆಯ ಮದುವೆಗೆ ಹೋಗಿ ಬಂದ ವಾರ ಮೊಬೈಲು ಮತ್ತೆ ಊಟಕ್ಕೆ ಬಂದು, ಬಿಡಿಸಲು ಎರಡು ದಿನ ಹಿಡಿಯಿತು. ಮೈಯ ಕಬ್ಬಿಣದ ದಾಸ್ತಾನು ತುಂಬಲು ಸಿರಪ್ ಇನ್ನೆರಡು ತಿಂಗಳು ನಡೆಯುತ್ತದೆ. ಮುಂಬಲ್ಲಿನ ಕಂದು ಗೆರೆಗೆ ಹಲ್ಲಿನ ಡಾಕ್ಟರ ಬಳಿ ಸಮಯ ಕೇಳಿದ್ದಾಗಿದೆ.